ನಿಮ್ಮಪ್ಪನ ಮುಂದಿನ ಎರಡು ಹಲ್ಲು

ಮಹಡಿಯ ಕೋಣೆಯಿಂದ
ಮಾರ್ಚ್ ಹದಿನಾಲ್ಕು, ಭಾನುವಾರ

ಪ್ರೀತಿಯ ಮಗಳಿಗೆ,

ಹೇಗಿದ್ದೀಯ? ಬೆನ್ನುನೋವು ಇಳಿಯಿತೇ? ದಿನವಿಡೀ ಇನ್ನೊಬ್ಬರ ಬಾಯಿಯೊಳಗೆ ಬಗ್ಗಿ ನೋಡುವುದು ಹಲ್ಲಿನ ಡಾಕ್ಟರ ಹಣೆಬರಹ, ನಡುನಡುವೆಯಾದರೂ ನೆಟ್ಟಗೆ ನಿಲ್ಲು ಎಂದು ಎಷ್ಟು ಸಲ ಹೇಳಿದ್ದೇನೆ. ನನ್ನ ಮಂಡಿ ಇದ್ದ ಹಾಗೇ ಇದೆ, ಅದರ ಸುದ್ದಿ ಬೇಡ. ಫೋನಿದ್ದೂ ಅಮ್ಮ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಫೋನು ಇರುವುದು ನಿಮ್ಮಪ್ಪನ ಕುರ್ಚಿಯ ಪಕ್ಕದಲ್ಲಿ. ಅದಕ್ಕೆ.

ಶುಕ್ರವಾರ ಅವರು ಶಾಲೆಯ ಮಕ್ಕಳ ಜೊತೆ ನುಡಿಸಿದರು. ಕರೆದವನು ಅಲ್ಲಿಯ ಬ್ಯಾಂಡ್ ಮೇಷ್ಟ್ರು. ಅವನೇ, ನಮ್ಮ ಮನೆಗೆ ಪಾಠಕ್ಕೆ ಬರುತ್ತಿದ್ದನಲ್ಲ, ನೀನು ಸೊಳ್ಳೆ ಎಂದು ಹೆಸರಿಟ್ಟವನು. ಈಗ ಸೊಳ್ಳೆಗೆ ಹೊಟ್ಟೆ ಬಂದಿದೆ. ‘ಜಾಝ್ ಅಂದ್ರೇನು ಅಂತ ಮಕ್ಕಳು ಒಂದ್ಸಲ ಕಣ್ಣಾರೆ ನೋಡ್ಲಿ ಅಮ್ಮಾ, ನೀವೂ ಬರ್ಲೇಬೇಕು’ ಅಂದ. ನಾನೂ ನೋಡಿಲ್ಲ ಎಂದು ಅವನಿಗೆ ಹೇಳಲಿಲ್ಲ. ಮೂವತ್ತೆರಡು ವರ್ಷ ಅವರು ಹೋಟೆಲಿನ ಹಾಲ್‌ನಲ್ಲಿ ಸ್ಯಾಕ್ಸೊಫೋನ್ ಊದಿದರು, ಎರಡು ರೆಕಾರ್ಡಿನ ಮೇಲೆ ಹೆಸರು ಬಂತು, ಆ ಹಾಲ್ ಮುಚ್ಚಿದ ಮೇಲೆ ಮನೆಯಲ್ಲಿ ಪಾಠ ಹೇಳಿದರು. ನಾನು ಒಂದು ಸಲವೂ ಆ ಹಾಲ್‌ನ ಮೆಟ್ಟಿಲು ಹತ್ತಲಿಲ್ಲ. ಜನ ತಿನ್ನುತ್ತ ಹರಟುತ್ತ ಕೂತಿರುವಾಗ ನನ್ನ ಗಂಡ ಮೂಲೆಯಲ್ಲಿ ನಿಂತು ಊದುವುದನ್ನು ನೋಡುವ ಮನಸ್ಸಿರಲಿಲ್ಲ. ನೀನೂ ಕಲಿಯುತ್ತೇನೆ ಎಂದಾಗ, ಮನೆಗೊಬ್ಬರು ಊದಿದರೆ ಸಾಕು ಎಂದು ಪುಸ್ತಕದ ಮುಂದೆ ಕೂರಿಸಿದವಳೂ ನಾನೇ. ಆ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ.

ಹಲ್ಲು ಕೀಳಿಸಿ ಸೆಟ್ಟು ಹಾಕಿಸಿ ನಾಲ್ಕು ತಿಂಗಳಾಯಿತಲ್ಲ, ಅಂದಿನಿಂದ ಅವರು ವಾದ್ಯದ ಪೆಟ್ಟಿಗೆ ತೆರೆದಿರಲಿಲ್ಲ. ಕೇಳಿದರೆ ಒಂದು ದಿನ ಕೆಮ್ಮು, ಒಂದು ದಿನ ಚಳಿ. ಶಾಲೆಗೆ ಒಪ್ಪಿದ್ದೂ ವಾದ್ಯವನ್ನು ಮಕ್ಕಳಿಗೇ ಕೊಟ್ಟು ಬರುವುದಕ್ಕೆ. ‘ಇನ್ನು ನಂಗ್ಯಾಕೆ ಅದು’ ಅಂದರು. ಬಿಡಿ, ಅಲಮಾರಿನಲ್ಲಿ ಜಾಗವಾಗುತ್ತದೆ ಅಂದೆ.

ಮುನ್ನೂರು ಮಕ್ಕಳು. ನನಗೆ ಮೊದಲ ಸಾಲಿನ ಕುರ್ಚಿ. ಎಲ್ಲರೂ ಸೇರಿ ಒಂದು ಹಾಡು ನುಡಿಸುತ್ತಾರೆ, ಆಮೇಲೆ ಒಬ್ಬೊಬ್ಬರೇ ತಮಗೆ ತೋಚಿದ್ದನ್ನು ನುಡಿಸಿ ಮತ್ತೆ ಹಾಡಿಗೆ ಬಂದು ಸೇರುತ್ತಾರೆ. ಬರೆದಿಟ್ಟದ್ದು ಏನೂ ಇಲ್ಲ. ಓದದೆ ಪರೀಕ್ಷೆಗೆ ಕೂತ ಹಾಗೆ ಕಂಡಿತು ನನಗೆ. ನಿಮ್ಮಪ್ಪನ ಸರದಿ ಬಂತು. ಊದಿದರು, ಟಕ್ ಎಂದಿತು. ಮೇಲಿನ ಸೆಟ್ಟು ಜಾರಿತ್ತು. ಮತ್ತೆ ಊದಿದರು, ಮತ್ತೆ ಟಕ್. ಹಿಂದೆ ಯಾರೋ ಕಿಸಕ್ಕೆಂದರು. ತಿರುಗಿ ನೋಡಿದೆ. ನನ್ನ ನೋಟ ನಿನಗೆ ಗೊತ್ತಲ್ಲ, ಇಡೀ ಸಾಲು ತೆಪ್ಪಗಾಯಿತು. ಅಷ್ಟರಲ್ಲಿ ಇವರು ವೇದಿಕೆಯ ಅಂಚಿಗೆ ಬಂದು, ಬಾಯಿಗೆ ಕರವಸ್ತ್ರ ಹಿಡಿದು, ಅದನ್ನು ಮಡಚಿ ನನ್ನ ಕೈಗೆ ಕೊಟ್ಟರು. ‘ಸ್ವಲ್ಪ ಇಟ್ಕೊಂಡಿರು’ ಅಂದರು. ಬೆಚ್ಚಗಿತ್ತು ಕಣೇ. ಯಾರ ಮುಂದೆಯೂ ತಲೆ ತಗ್ಗಿಸದ ನಾನು ಗಂಡನ ಹಲ್ಲನ್ನು ಮುಷ್ಟಿಯಲ್ಲಿ ಹಿಡಿದು ಕೂತೆ.

ಆಮೇಲೆ ಮೇಲ್ದುಟಿಯನ್ನು ಒಳಕ್ಕೆ ಮಡಚಿಕೊಂಡು ಊದಿದರು. ನಾಲ್ಕೇ ಸ್ವರ, ಅದೂ ತಗ್ಗಿನವು. ಅಷ್ಟಕ್ಕೇ ನಿಂತರು. ಟ್ರಂಪೆಟ್ ಹಿಡಿದಿದ್ದ ಕನ್ನಡಕದ ಹುಡುಗಿ ಅವರನ್ನೇ ನೋಡುತ್ತಿದ್ದಳು. ತನ್ನ ದನಿ ತಗ್ಗಿಸಿ, ಆ ನಾಲ್ಕಕ್ಕೆ ಒಂದು ಸೇರಿಸಿ ಹಿಂದಿರುಗಿಸಿದಳು. ಇವರು ಅದಕ್ಕೆ ಇನ್ನೊಂದು ಸೇರಿಸಿದರು. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯುತ್ತಿದ್ದರು. ಕೊನೆಗೆ ಎಲ್ಲರೂ ಎದ್ದು ನಿಂತರು. ನಾನೊಬ್ಬಳೇ ಚಪ್ಪಾಳೆ ತಟ್ಟಲಿಲ್ಲ, ಕೈಯಲ್ಲಿ ಹಲ್ಲಿತ್ತು.

ಬಸ್ಸಿನಲ್ಲಿ ‘ಹಲ್ಲಿದ್ದಾಗ ಕಡಲೆ ಇರ್ಲಿಲ್ಲ, ಈಗ ನೋಡು, ಮುನ್ನೂರು ಕಡಲೆ!’ ಎಂದು ನಕ್ಕರು. ತೊಡೆಯ ಮೇಲೆ ಪೆಟ್ಟಿಗೆ ಇರಲಿಲ್ಲ. ಕೈ ಎಲ್ಲಿಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮೊಮ್ಮಗಳಿಗೆ ಅಜ್ಜಿಯ ಮುತ್ತು. ಚೆನ್ನಾಗಿ ಬಾಳಿ.

ಇಂತಿ,
ನಿನ್ನ ಅಮ್ಮ

ಮರೆತಿದ್ದೆ: ನಿನ್ನೆ ನಾನೇ ಶಾಲೆಗೆ ಹೋಗಿ ಪೆಟ್ಟಿಗೆ ವಾಪಸು ತಂದೆ. ಕೊಟ್ಟದ್ದನ್ನು ಕೇಳಿ ತಂದದ್ದು ಇದೇ ಮೊದಲು. ಇನ್ನೊಂದು ವಿಷಯ. ಎಲ್ಲ ಹಲ್ಲೂ ಅಲ್ಲಾಡುತ್ತಿದ್ದವು ಎಂದು ನಿನಗೆ ಹೇಳಿದ್ದೆನಲ್ಲ, ಸುಳ್ಳು. ಮೇಲಿನ ಮುಂದಿನ ಎರಡು ಗಟ್ಟಿಯಾಗಿದ್ದವು, ಉಳಿಸೋಣ ಎಂದು ಇಲ್ಲಿಯ ಡಾಕ್ಟರೂ ಹೇಳಿದರು. ಪದೇ ಪದೇ ಬರುವವರು ಯಾರು, ಒಂದೇ ಸಲ ಕಿತ್ತುಬಿಡಿ ಎಂದವಳು ನಾನು. ವಾದ್ಯ ಊರಿಕೊಳ್ಳುತ್ತಿದ್ದುದು ಆ ಎರಡರ ಮೇಲೆಯೇ ಎಂದು ನಿನ್ನೆ ಸೊಳ್ಳೆಯಿಂದ ತಿಳಿಯಿತು. ಅಂದು ಬಾಯಿ ತೆರೆದು ಕೂತಿದ್ದ ನಿಮ್ಮಪ್ಪ ಏನೋ ಹೇಳಲು ಕೈ ಎತ್ತಿದ್ದರು. ಸುಮ್ಮನಿರಿ ಅಂದಿದ್ದೆ. ಬೇಗ ಬಾ, ಊದುವಾಗ ಜಾರದ ಸೆಟ್ಟಿಗೆ ಅಳತೆ ತೆಗೆಯುವ ಸಾಮಾನು ತಾ. ಅವರೆದುರು ನೀನು ಈ ಮಾತು ಎತ್ತಬೇಡ. ನೀನು ಬರುವುದರೊಳಗೆ ನಾನೇ ಹೇಳಿರುತ್ತೇನೆ.