ಕೈಗಳ ಮೇಲೆ ಕೂತ ಹುಡುಗಿ

ಮಾರ್ಚ್ 3, ಮಂಗಳವಾರ
ಇಸ್ತ್ರಿ ಅಂಗಡಿಯಿಂದ

ಅಳಿಯನಿಗೆ ಅತ್ತೆಯ ಆಶೀರ್ವಾದ. ಸದ್ಯಕ್ಕೆ ಅಷ್ಟೇ ಇದೆ, ಇಟ್ಟುಕೋ.

ನೀನು ಫೋನ್ ಎತ್ತಿದ್ದರೆ ನನಗೆ ಈ ಶಿಕ್ಷೆ ಇರುತ್ತಿರಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಯಲ್ಲಿ ಪೆನ್ನು ಹಿಡಿಸಿದ್ದೀಯ. ಗಿರಾಕಿಗಳ ಬಟ್ಟೆಯ ಮೇಲೆ ಗುರುತು ಹಾಕುವುದು ಬಿಟ್ಟರೆ ನಾನು ಬರೆದವಳೇ ಅಲ್ಲ. ಈ ಒಂದು ಸಾಲಿನ ಹೊತ್ತಿಗೆ ಎರಡು ಅಂಗಿಗೆ ಇಸ್ತ್ರಿ ಹಾಕಿ ಮಡಚಿಡುತ್ತಿದ್ದೆ. ಮದುವೆಯಾದಾಗಿನಿಂದ ನಿನಗೆ ಬಹುವಚನ ಕೊಡುತ್ತಾ ಬಂದೆ. ಈ ಕಾಗದದಲ್ಲಿ ಕೊಡುವುದಿಲ್ಲ, ಕೈ ನೋಯುತ್ತದೆ.

ವಿಷಯ ನಿನ್ನ ಮಗಳದು, ನಾನು ಬೀಸಣಿಗೆ ಅಂತ ಕರೆಯುವವಳದು. ಖುಷಿಯಾದರೂ ಹೆದರಿಕೆಯಾದರೂ ಅವಳ ಎರಡೂ ಕೈ ಗಾಳಿಯಲ್ಲಿ ಬೀಸತೊಡಗುತ್ತವೆ. ನನಗೆ ಅದು ನೋಡಲು ಚೆಂದ, ನಿನಗೆ ನಾಚಿಕೆ. ಶಾಲೆಯಲ್ಲಿ ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ನುಗ್ಗುತ್ತಾಳೆ. ಎಳೆದರೆ ಕಚ್ಚುತ್ತಾಳೆ. ಡಾಕ್ಟರು ಇದಕ್ಕೊಂದು ಹೆಸರು ಹೇಳಿದ ಮೇಲೆ, ನನ್ನ ಮಗಳಿಗೆ ಅಂಥದ್ದೇನೂ ಇಲ್ಲ ಅಂತ ನೀನು ಬಟ್ಟೆ ತುಂಬಿಕೊಂಡು ಬೇರೆ ಊರು ಸೇರಿದೆ. ಹೆಸರು ಮಾತ್ರ ಇಲ್ಲೇ ಉಳಿದಿದೆ.

ಪಕ್ಕದಲ್ಲಿ ಸಹಾಯಕ್ಕೆ ಒಬ್ಬರು ಕೂತರೆ ಓದುತ್ತಾಳೆ, ಇಲ್ಲದಿದ್ದರೆ ನಮ್ಮಿಂದ ಆಗದು ಅಂತ ಶಾಲೆಯವರು ಹೇಳಿದ್ದರು. ಸಹಾಯಕ್ಕೆ ಜನ ಕೊಡಬೇಕಾದರೆ ಮೇಲಿನ ಕಚೇರಿಯ ಮೇಡಂ ಬಂದು, ಒಂದು ದಿನ ಕ್ಲಾಸಿನಲ್ಲಿ ಕೂತು, ಮಗುವನ್ನು ಕಣ್ಣಾರೆ ನೋಡಬೇಕು.

ನಿನ್ನ ಹೆಂಡತಿಯ ಸಂಗತಿ ನಿನಗೆ ಗೊತ್ತೇ ಇದೆ. ಔಷಧಿ ಅಂಗಡಿಯ ಕೌಂಟರಿನಲ್ಲಿ ಗಿರಾಕಿಗಳ ಹತ್ತಿರ ಗಟ್ಟಿಯಾಗಿ ಮಾತಾಡುತ್ತಾಳೆ, ಹೆಡ್ ಮಿಸ್ ಮುಂದೆ ನಾಲಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಚೀಲದಮ್ಮನನ್ನು ಹುಡುಕಿದೆವು. ತನ್ನ ಮಗನಿಗಾಗಿ ಶಾಲೆಗಳ ಮೆಟ್ಟಿಲು ಹತ್ತಿ ಇಳಿದು ಸವೆದ ಹೆಂಗಸು. ಈಗ ಇಂಥ ಮಕ್ಕಳ ತಾಯಂದಿರಿಗೆ ಶಾಲೆಯವರ ಹತ್ತಿರ ಹೇಗೆ ಮಾತಾಡಬೇಕು ಅಂತ ಹೇಳಿಕೊಡುತ್ತಾಳೆ. ಹೆಗಲ ಮೇಲಿನ ಚೀಲವನ್ನು ಕೂತಾಗಲೂ ಇಳಿಸುವುದಿಲ್ಲ. ಅಳಬೇಡ, ಕೂಗಾಡಬೇಡ, ಮಗು ಎಷ್ಟು ಜಾಣೆ ಅಂತ ಹೊಗಳುತ್ತಾ ಕೂರಬೇಡ, ಏನು ಬೇಕೋ ಅದನ್ನು ಮಾತ್ರ ಕೇಳು ಅಂದಳು. ಅಂಗಡಿಯಲ್ಲೇ ತಾಲೀಮು ಮಾಡಿಸಿದಳು. ನಾನು ಹೆಡ್ ಮಿಸ್ ಆದೆ. ಎಷ್ಟು ಚೆನ್ನಾಗಿ ಆದೆ ಅಂದರೆ ನಿನ್ನ ಹೆಂಡತಿ ನಿಜವಾಗಿ ಅತ್ತುಬಿಟ್ಟಳು. ಅಮ್ಮಾ, ನೀನು ಸ್ವಲ್ಪ ಕಡಿಮೆ ಮಾಡು, ಅವರು ಇಷ್ಟು ಕೆಟ್ಟವರಿರಲ್ಲ ಅಂತ ಚೀಲದಮ್ಮ ನನಗೇ ಬೈದಳು.

ಅಷ್ಟರಲ್ಲಿ ನೀನು ಬಂದೆ. ನಾಳೆ ಮೇಡಂ ಬರುತ್ತಾರೆ ಅಂತ ನಾನೇ ನಿನಗೆ ಹೇಳಿದೆ. ಭಾನುವಾರ ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋಗಿ, ತಂದು ಬಿಟ್ಟು, ನೀರೂ ಕುಡಿಯದೆ ಬಸ್ಸು ಹತ್ತಿದೆ. ಮಾರನೇ ದಿನ ಆ ಮೇಡಂ ಬಂದರು. ನಮ್ಮ ಬೀಸಣಿಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು, ಬೆಳಗಿನಿಂದ ಶಾಲೆ ಬಿಡುವ ತನಕ ಗೊಂಬೆಯ ಹಾಗೆ ಕೂತಿದ್ದಳಂತೆ. ಗಂಟೆ ಹೊಡೆದಾಗಲೂ ಅಲುಗಲಿಲ್ಲವಂತೆ. ಮಗು ಶಾಂತವಾಗಿದೆ, ಸಹಾಯದ ಅಗತ್ಯವಿಲ್ಲ ಅಂತ ಬರೆದು ಮೇಡಂ ಹೋದರು.

ಸಂಜೆ ಅಂಗಡಿಗೆ ಬಂದವಳು ಬಟ್ಟೆಯ ರಾಶಿಯೊಳಗೆ ಬಿದ್ದು ಕಿರುಚಿದಳು. ತನ್ನ ಮುಂಗೈಯನ್ನು ತಾನೇ ಕಚ್ಚಿಕೊಂಡಳು. ಆಗತಾನೇ ಇಸ್ತ್ರಿಯಾದ ಬೆಚ್ಚಗಿನ ಹೊದಿಕೆಗಳನ್ನು ಒಂದರ ಮೇಲೊಂದು ಹೊದಿಸಿದ ಮೇಲೆ ಉಸಿರು ಹಿಡಿತಕ್ಕೆ ಬಂತು. ಆಮೇಲೆ ಒಪ್ಪಿಸಿದಳು. ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸುವವಳಲ್ಲವೇ ಅವಳು? ನಿನ್ನದೇ ಧಾಟಿ, ನಡುವೆ ನಿನ್ನ ಕೆಮ್ಮು ಕೂಡ. ನಾಳೆ ಒಬ್ಬರು ಆಂಟಿ ಬರ್ತಾರೆ, ಕೈ ತೊಡೆ ಕೆಳಗೆ ಇಟ್ಕೋ, ಏನೇ ಆದ್ರೂ ತೆಗೀಬೇಡ, ಅಲ್ಲಾಡಬೇಡ.

ಹೋದ ಗುರುವಾರ ಮೂವರೂ ಹೆಡ್ ಮಿಸ್ ಹತ್ತಿರ ಹೋದೆವು. ನಿನ್ನ ಹೆಂಡತಿ ಅಳಲಿಲ್ಲ. ಹೇಳಿಕೊಟ್ಟದ್ದನ್ನೆಲ್ಲ ಒಂದೂ ತಪ್ಪದೆ ಕೇಳಿದಳು. ಉಪಯೋಗವಾಗಲಿಲ್ಲ. ಒಂದು ದಿನ ಕೂರೋಕೆ ಬರುತ್ತೆ ಅಂದ್ರೆ ದಿನಾ ಬರುತ್ತೆ, ಇದು ಹಠ, ಮನೇಲಿ ಬೆಳೆಸಿರೋ ರೀತಿ ಅಂದರು ಹೆಡ್ ಮಿಸ್. ನಿಮ್ಮ ಗಂಟೆಯನ್ನು ನಿಮ್ಮ ಕಿವಿಯೊಳಗೇ ಹೊಡೆಸಿ ನೋಡ್ಕೊಳ್ಳಿ ಅಂತ ನಾನಂದೆ. ಚೀಲದಮ್ಮ ನನ್ನ ಕಾಲು ತುಳಿದಳು. ಅಪ್ಪನೇ ಹೇಳಿಕೊಟ್ಟಿದ್ದು ಅಂತ ನಾನು ಅಂದದ್ದಕ್ಕೆ, ಹಾಗಿದ್ರೆ ಅವರೇ ಬಂದು ಹೇಳಲಿ, ಅಜ್ಜಿ ಮಾತು ನಡೆಯಲ್ಲ ಅಂದರು. ಪರೀಕ್ಷೆ ಮುಗಿದ ಮೇಲೆ ಮಗುವನ್ನು ಬೇರೆ ಕಡೆ ಸೇರಿಸಬೇಕಂತೆ. ಬೇರೆ ಕಡೆ ಅಂದರೆ ಎಲ್ಲಿ? ಉಳಿದ ಶಾಲೆಗಳಲ್ಲೂ ಕೇಳಿ ಬಂದಿದ್ದೇವೆ. ಒಂದು ಕಡೆ ಕೂರಿಸಿಯೂ ಮಾತಾಡಲಿಲ್ಲ.

ಅಪ್ಪ ಅಮ್ಮ ಇಬ್ಬರೂ ಬಂದು ಕೇಳಿದರೆ ಮೇಡಂ ಇನ್ನೊಂದು ಸಲ ಬರಬಹುದು. ಬರುವುದು ಕಷ್ಟ, ನನ್ನ ಮಗನಿಗೆ ಬಂದಿರಲಿಲ್ಲ ಅಂತ ಚೀಲದಮ್ಮನೇ ಹೇಳಿದ್ದಾಳೆ. ನನಗೂ ನಂಬಿಕೆ ಇಲ್ಲ. ಆದರೂ ನೀನು ಬಂದು, ಆ ಕುರ್ಚಿಯಲ್ಲಿ ಕೂತು, ನಾನೇ ಹೇಳಿಕೊಟ್ಟೆ ಅಂತ ಬಾಯಿಬಿಟ್ಟು ಹೇಳಬೇಕು. ನೀನು ಕೆಟ್ಟದ್ದಕ್ಕೆ ಹೇಳಿಕೊಟ್ಟೆ ಅಂತ ನಾನು ಅನ್ನುತ್ತಿಲ್ಲ. ಮಗಳು ಒಂದು ದಿನವಾದರೂ ಎಲ್ಲರ ಹಾಗೆ ಕಾಣಲಿ ಅಂತ ಆಸೆಪಟ್ಟೆ. ಕಂಡಳು.

ನಿನ್ನ ಹೆಂಡತಿಗೆ ಈ ಕಾಗದ ಗೊತ್ತಿಲ್ಲ. ಅವಳು ನಿನ್ನನ್ನು ಕರೆಯುವುದು ಬಿಟ್ಟು ಬಹಳ ದಿನವಾಯಿತು.

ಇಂತಿ,
ನಿನ್ನ ಅತ್ತೆ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಅಂತ ಬಿಟ್ಟಿದ್ದೆ. ಮಗು ಒಪ್ಪಿಸಿದ್ದರಲ್ಲಿ ಕೊನೆಯ ತುಂಡನ್ನು ನಾನು ಯಾರಿಗೂ ಹೇಳಿಲ್ಲ, ಅವಳ ಅಮ್ಮನಿಗೂ ಇಲ್ಲ. ಕೆಮ್ಮಿದ ಮೇಲೆ ಬರುವ ಮಾತು ಅದು. ಹಾಗೆ ಕೂತ್ಕೊಂಡ್ರೆ ನಾನು ಮನೆಗೇ ವಾಪಸ್ ಬಂದ್ಬಿಡ್ತೀನಿ. ಈಗ ದಿನಾ ಸಂಜೆ ಅಂಗಡಿಯ ಮೆಟ್ಟಿಲ ಮೇಲೆ ರಸ್ತೆಯ ಕಡೆ ಮುಖ ಮಾಡಿ, ಕೈಗಳ ಮೇಲೆ ಕೂರುತ್ತಾಳೆ. ಕಲ್ಲು ಒತ್ತಿ ಬೆರಳ ಗೆಣ್ಣುಗಳು ಕೆಂಪಾಗಿವೆ. ಸಾಕು ಏಳೇ ಅಂದರೆ ಏಳುವುದಿಲ್ಲ. ಹೊದಿಕೆ ಹೊದಿಸಿದರೂ ಕೈ ಆಚೆ ಬರುವುದಿಲ್ಲ. ಅಪ್ಪ ಬರುವುದಿಲ್ಲ ಅಂತ ನಾನು ಹೇಳಿದರೆ ನನ್ನ ಮಾತು ಅವಳಿಗೆ ಲೆಕ್ಕಕ್ಕಿಲ್ಲ. ಬರುತ್ತೀಯೋ ಇಲ್ಲವೋ, ನೀನೇ ಹೇಳು. ಹದಿಮೂರನೇ ತಾರೀಕು ಶುಕ್ರವಾರದೊಳಗೆ ಉತ್ತರ ಬರಬೇಕು.