ಹನಿ ನೀರೂ ನುಗ್ಗದ ಗಾಡಿ

ಮಾರ್ಚ್ ೪

ಎರಡನೆಯ ಗೋಡೆ ನಿಂತಿತು. ಹೆಂಡತಿ ಪ್ಲೈವುಡ್‌ನ ಆ ತುದಿ ಹಿಡಿದಿದ್ದಳು. ಹಲಗೆ ಜಾರಿತು, ಬೈದೆ. ಮತ್ತೆ ಎತ್ತಿ ಹಿಡಿದಳು.

ಕಾರಿನ ಹಿಂದೆ ಕಟ್ಟಿ ಎಳೆಯುವ ಮರದ ಮನೆ — ಎರಡು ಹಾಸಿಗೆ, ಒಂದು ಸ್ಟೌ. ಮೇ ತಿಂಗಳಲ್ಲಿ ಇಬ್ಬರೇ ಇದರಲ್ಲಿ ಹೊರಡಬೇಕು. ಅವಳದೇ ಷರತ್ತು. "ಒಂದು ತಿಂಗಳು ಎಲ್ಲಾದ್ರೂ ಜೊತೆಗಿದ್ದು ನೋಡೋಣ. ಆಗ್ಲಿಲ್ಲ ಅಂದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ." ಮೂವತ್ತೊಂದು ವರ್ಷ ಸಂಸಾರ ಮಾಡಿದ ಮೇಲೆ ಟ್ರಯಲ್ ಅಂತೆ.

ಮಾರ್ಚ್ ೫, ಸಂಜೆ

ಒಳಗೋಡೆಯ ಮೇಲೆ ಪೆನ್ಸಿಲ್‌ನಲ್ಲಿ ಚೌಕ ಬರೆದಿಟ್ಟಿದ್ದಾಳೆ. ಅವಳ ದಿಂಬು ಬರುವ ಕಡೆ.

"ಇಲ್ಲೊಂದು ಕಿಟಕಿ. ಮಲಗಿದಲ್ಲಿಂದ ಹೊರಗೆ ಕಾಣ್ಬೇಕು."

"ಒಂದೊಂದು ತೂತೂ ಒಂದೊಂದು ಸೋರಿಕೆ."

"ನಾನು ಟ್ಯಾಂಕ್ ಒಳಗೆ ಮಲಗಲ್ಲ ರೀ."

ನೀರಿನ ಟ್ಯಾಂಕ್ ಫ್ಯಾಕ್ಟರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಸೋರಿಕೆ ಹುಡುಕಿದವನು ನಾನು. ನನ್ನ ಸಹಿ ಬಿದ್ದ ಒಂದೇ ಒಂದು ಟ್ಯಾಂಕೂ ವಾಪಸ್ ಬಂದಿಲ್ಲ. ನನಗೆ ಪಾಠ ಹೇಳಲು ಬಂದಳು.

ಮಾರ್ಚ್ ೧೧

ಸ್ಯಾಂಡ್‌ಪೇಪರ್ ಹೊಡೆದೆ. ಚೌಕವೂ ಹೋಯಿತು. ನಿಂತು ನೋಡಿದಳು. ಆಮೇಲೆ ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕಿದಳು. ಜಾರಿನಲ್ಲಿ ಏನೂ ಇರಲಿಲ್ಲ ಅನ್ನಿಸುತ್ತದೆ.

ಏಪ್ರಿಲ್ ೨

ಮೂರು ವಾರದಿಂದ ಒಬ್ಬನೇ. ಅವಳು ಹಲಗೆ ಹಿಡಿಯಲು ಬರುತ್ತಿಲ್ಲ. ಮೊಳಕಾಲಲ್ಲಿ ಒತ್ತಿಕೊಂಡು ಸ್ಕ್ರೂ ಹಾಕುತ್ತೇನೆ. ಸಂದುಗಳಿಗೆಲ್ಲ ನೀರು ತಡೆಯುವ ಸೀಲಂಟ್ ತುಂಬಿದ್ದಾಯಿತು. ಚಾವಣಿಗೆ ಕ್ಯಾನ್ವಾಸ್ ಅಂಟಿಸಿ ಮೇಲೆ ಮೂರು ಕೋಟ್ ಬಣ್ಣ.

ಪಕ್ಕದ ಮನೆಯ ಬಸ್ ಡ್ರೈವರ್ ಬಂದು ತಲೆ ಒಳಗೆ ಹಾಕಿದ. "ಗಾಳಿಗೆ ದಾರಿ ಎಲ್ಲಿ ಸಾರ್?" ಎಂದ. ಎಲ್ಲರೂ ಮೂಗು ತೂರಿಸುವವರೇ. ಬಾಗಿಲಿದೆಯಲ್ಲ ಎಂದೆ.

ಏಪ್ರಿಲ್ ೧೯

ಟೆಸ್ಟ್. ಒಳಗೆ ನೆಲದ ತುಂಬ ಹಳೆಯ ಪೇಪರ್ ಹಾಸಿ, ಬಾಗಿಲು ಹಾಕಿ, ಹೊರಗಿನಿಂದ ಎರಡು ಗಂಟೆ ಪೈಪಿನಲ್ಲಿ ನೀರು ಬಿಟ್ಟೆ. ಫ್ಯಾಕ್ಟರಿಯಲ್ಲಿ ನೀರು ಒಳಗಿರುತ್ತಿತ್ತು, ಇಲ್ಲಿ ಹೊರಗೆ. ಅಷ್ಟೇ ವ್ಯತ್ಯಾಸ. ಒಂದು ಹಾಳೆಯೂ ಒದ್ದೆಯಾಗಿಲ್ಲ.

ಅವಳನ್ನು ಕರೆದು ತೋರಿಸಿದೆ. "ಚೆನ್ನಾಗಿದೆ," ಎಂದು ಪೇಪರ್ ಮಡಚಿಡತೊಡಗಿದಳು. ತುಂಬ ಖುಷಿಯಾಯಿತು.

ಮೇ ೬, ಬೆಳಿಗ್ಗೆ ಆರೂವರೆ, ಕೆರೆಯ ದಡ

ನಿನ್ನೆ ಹೊರಟೆವು. ರಾತ್ರಿಯಿಡೀ ಮಳೆ. ಒಂದು ಹನಿಯೂ ಒಳಗೆ ಬಂದಿಲ್ಲ. ಆದರೂ ಎದ್ದಾಗ ಚಾವಣಿಯ ಒಳಮೈ ತುಂಬ ಹನಿ. ಹೊದಿಕೆ ಒದ್ದೆ, ಅವಳ ಕೂದಲು ಒದ್ದೆ. ಸಂದು ಸಂದಿಗೂ ಬೆರಳಿಟ್ಟು ನೋಡಿದೆ. ಎಲ್ಲೂ ಸೋರಿಲ್ಲ.

ಬಾಗಿಲು ತೆರೆದು ಮೆಟ್ಟಿಲ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತಿದ್ದಳು.

"ಅದು ಮಳೆ ನೀರಲ್ಲ. ನಮ್ಮಿಬ್ಬರ ಉಸಿರು. ಹೊರಗೆ ಹೋಗೋಕೆ ದಾರಿ ಎಲ್ಲಿತ್ತು?"

ಮೊದಲೇ ಹೇಳುವುದಕ್ಕೇನಾಗಿತ್ತು ಎಂದು ಕೂಗಾಡಿದೆ.

"ಕಿಟಕಿ ಕೇಳಿದ್ನಲ್ಲ. ನೀವು ಉಜ್ಜಿ ಹಾಕಿದ್ರಿ."

ಮೇ ೬, ರಾತ್ರಿ

ವಾಪಸ್. ಅಕ್ಕನ ಮನೆಯ ತಿರುವಿನಲ್ಲಿ "ಇಲ್ಲೇ ನಿಲ್ಸಿ," ಎಂದಳು. ಬ್ಯಾಗಿನ ಜೊತೆ ದಿಂಬನ್ನೂ ಎತ್ತಿಕೊಂಡಳು. ಒದ್ದೆ ದಿಂಬು ಯಾಕೆ ಬೇಕಿತ್ತೋ. ಒಂದು ತಿಂಗಳ ಟ್ರಯಲ್, ಒಂದು ರಾತ್ರಿಗೆ ಮುಗಿಯಿತು.

ಜೂನ್ ೨೩

ಗಾಡಿಯ ಒಳಗೆಲ್ಲ ಬೂಸಲು. ಚಾವಣಿಯ ಪ್ಲೈವುಡ್ ಉಬ್ಬಿದೆ. ಹೊರಗಿನ ಬಣ್ಣ ಮಾತ್ರ ನಿನ್ನೆ ಹೊಡೆದ ಹಾಗಿದೆ. ನನ್ನ ಮೇಲೆ ನನಗೇ ಹೇಸಿಗೆ.

ಜೂನ್ ೨೪, ಮಧ್ಯಾಹ್ನ

ಕಿಟಕಿ ಕೊರೆಯಲು ಗರಗಸ ತಂದೆ. ಎಲ್ಲಿ ಕೊಯ್ಯುವುದು? ಟಾರ್ಚನ್ನು ಓರೆಯಾಗಿ ಹಿಡಿದು ಚೌಕ ಹುಡುಕಿದೆ. ನನ್ನ ಕೆಲಸ ಯಾವತ್ತೂ ನೀಟು. ಒಂದು ಗೆರೆ ಉಳಿದಿಲ್ಲ.

ಅವಳ ಜಾಗದಲ್ಲಿ ಮಲಗಿ ನೋಡಿದೆ. ಅವಳು ಅಂಗಾತ ಮಲಗುತ್ತಾಳೋ, ಮಗ್ಗುಲಾಗಿಯೋ? ಯಾವ ಮಗ್ಗುಲು? ಮೂವತ್ತೊಂದು ವರ್ಷ... ಗೊತ್ತಿಲ್ಲ.

ಫೋನ್ ಮಾಡಿದೆ. ಅವಳೇ ಎತ್ತಿದಳು. ತಪ್ಪಾಯಿತು ಅನ್ನಬೇಕೆಂದೇ ಮಾಡಿದ್ದು. ಬಾಯಿಗೆ ಬಂದದ್ದು ಬೇರೆ — "ಆ ಕಿಟಕಿ ಎಷ್ಟು ಎತ್ತರಕ್ಕೆ ಇಡ್ಬೇಕಿತ್ತು?"

ಆ ಕಡೆ ಮಂಚ ಕಿರುಗುಟ್ಟಿದ ಸದ್ದು.

"ಇಲ್ಲಿ ನನ್ನ ಹಾಸಿಗೆ ಪಕ್ಕ ಕಿಟಕಿ ಇದೆ," ಎಂದಳು. ಫೋನ್ ಇಟ್ಟುಬಿಟ್ಟಳು.

ಪೆನ್ಸಿಲ್ ಕೈಯಲ್ಲೇ ಇದೆ. ಹಾಸಿಗೆಯಿಂದ ಒಂದು ಅಡಿ ಮೇಲೆ ಇಟ್ಟರೆ... ಇಲ್ಲ, ದಿಂಬಿನ ದಪ್ಪ ಸೇರಿಸಬೇಕು. ಅದು ಎಷ್ಟು —