ಮೊಮ್ಮಗಳ ಕಾಲುಚೀಲಗಳು

ರೀ, ನೀವು ತೀರಿಕೊಂಡು ಆರು ವರ್ಷವಾಯಿತು, ಈ ಕಾಗದ ಓದಲಾರಿರಿ. ಆದರೂ ನಿಮ್ಮ ಮಗನ ಮೇಲಿನ ದೂರನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಎಂಟು ವರ್ಷದ ಮಗಳನ್ನು ಇಂಗ್ಲೆಂಡಿನ ಬೋರ್ಡಿಂಗ್ ಶಾಲೆಗೆ ಹಾಕುತ್ತಿದ್ದಾನೆ. ಇನ್ನೂ ನೆಟ್ಟಗೆ ತಲೆ ಬಾಚಿಕೊಳ್ಳಲು ಬಾರದ ಹುಡುಗಿ. ಪ್ರತಿ ಬಟ್ಟೆಗೂ ಅವಳ ಹೆಸರಿನ ಪಟ್ಟಿ ಹೊಲಿದಿರಬೇಕೆಂದು ಶಾಲೆಯವರ ಅಪ್ಪಣೆಯಂತೆ. ಮಗ ಸೊಸೆ ಆ ಕೆಲಸ ನನ್ನ ತಲೆಗೆ ಕಟ್ಟಿದರು. ಕಾಲುಚೀಲಗಳಿಗೆ ಪಟ್ಟಿ ಹಚ್ಚುವಾಗ ಸಿಟ್ಟಿನ ಭರದಲ್ಲಿ ಎರಡೂ ಪದರ ಸೇರಿಸಿ ಹೊಲಿದುಬಿಟ್ಟೆ. ಹನ್ನೆರಡರ ಬಾಯಿಯೂ ಬಂದ್. ಇವತ್ತು ಪೆಟ್ಟಿಗೆ ತುಂಬುವಾಗ ಸೊಸೆ ನೋಡಿದಳು.

“ಅತ್ತೆ, ಇದ್ರೊಳಗೆ ಕಾಲು ಹೇಗೆ ತೂರ್ಸೋದು?”

“ಆಗದಿದ್ರೆ ಹುಡುಗಿ ಮನೇಲೇ ಇರ್ಲಿ ಬಿಡು,” ಎಂದೆ.

ಮೊಮ್ಮಗಳು ಕಿಸಕ್ಕನೆ ನಕ್ಕು ನನಗೆ ಅಂಟಿಕೊಂಡು ನಿಂತಳು. ನಿಮ್ಮ ಮಗನೇ ಬ್ಲೇಡು ಹಿಡಿದು ಹೊಲಿಗೆ ಬಿಚ್ಚಲು ಕೂತ.

“ಯಾಕಮ್ಮಾ ಇಷ್ಟು ರಾದ್ಧಾಂತ? ನನ್ನೂ ಎಂಟು ವರ್ಷಕ್ಕೇ ಹಾಸ್ಟೆಲ್‌ಗೆ ಹಾಕಿದ್ರಲ್ಲ. ನಂಗೇನಾಯ್ತು?”

ಆವತ್ತು ನೀವು ಅವನ ಹಾಸಿಗೆ ಸುತ್ತಿ ಕಟ್ಟುವಾಗ ಹಗ್ಗದ ತುದಿ ಹಿಡಿದುಕೊಟ್ಟವಳು ನಾನೇ.

ಏನಾಯಿತೆಂದು ಹೇಳಲು ಹೊರಟೆ. ಅಷ್ಟರಲ್ಲಿ ಹುಡುಗಿ “ಅಪ್ಪಾ” ಎಂದು ಅಳತೊಡಗಿದಳು. ಅವನು ತಲೆಯೆತ್ತಲಿಲ್ಲ, ಇನ್ನೊಂದು ಕಾಲುಚೀಲ ಕೈಗೆತ್ತಿಕೊಂಡ.